ಕುಮ್ಮಟದ ಕತೆ, ದರೋಜಿಯ ಕವಿ

ಗಂಗಾವತಿ ಸೀಮೆಯಲ್ಲಿ ಕುಮ್ಮಟದುರ್ಗ ಎಲ್ಲೈತಿ ಅಂದರೆ ದನ ಕಾಯುವ ಹುಡುಗರೂ ಕೈ ಮಾಡಿ ತೋರಿಸುತ್ತಾರೆ. ಆ ಕೋಟೆಯ ಕುಮಾರರಾಮನ ಕಾವ್ಯ ಯಾರದೆಂದು ತರಗತಿಯಲ್ಲಿ ಕೇಳಿದೆ. ನಂಜುಂಡನ ಹೆಸರು ಬಂತು. ಹಾಡಿದವರು ಯಾರು ಎಂದೆ. ‘ಹಾಡೋ ಮಂದಿ ಭಾಳ ಅದಾರ್ರೀ ಸರ್’ ಎಂದರು. ಬರೆದವನಿಗೆ ಹೆಸರುಂಟು, ಹಾಡಿದವರು ಬರೀ ಮಂದಿ. ನಮ್ಮ ಸಾಹಿತ್ಯ ಚರಿತ್ರೆ ಪಾಲಿಸಿಕೊಂಡು ಬಂದ ಮಡಿ ಇದು.

ಆ ಮಂದಿಯೊಳಗೆ ಒಬ್ಬಾಕೆ ದರೋಜಿ ಈರಮ್ಮ (1930–2014). ಊರು ಹೊಳೆಯಾಚೆಯ ಸಂಡೂರು ತಾಲ್ಲೂಕಿನ ದರೋಜಿ. ಪರಿಶಿಷ್ಟ ಜಾತಿಗೆ ಸೇರಿದ ಅಲೆಮಾರಿ ಬುಡ್ಗಜಂಗಮರ ಮನೆತನ. ಹನ್ನೆರಡರ ವಯಸ್ಸಿಗೆ ತಂದೆಯಿಂದ ಹಾಡು ಕಲಿತರು. ಅಕ್ಷರ ಕಲಿಯಲಿಲ್ಲ. ಆದರೂ ನೆನಪಿನಲ್ಲಿದ್ದದ್ದು 12 ಮಹಾಕಾವ್ಯ. ಅಚ್ಚಿನ ಲೆಕ್ಕದಲ್ಲಿ ಸುಮಾರು 7,000 ಪುಟ.

ಬುರ್ರಕಥೆ ಮೂಲತಃ ತೆಲುಗಿನದು. ಹಾಡು ನಿಂತಲ್ಲಿ ಮಾತು, ಮಾತು ನಿಂತಲ್ಲಿ ಬುರ್ರದ ಪೆಟ್ಟು. ನಡುವೆ ಜೊತೆಗಾತಿಯರ ಸೊಲ್ಲು, ನಗೆ, ಚುಚ್ಚುಮಾತು. ಮನೆಮಾತು ತೆಲುಗಾದ ಈ ಸಮುದಾಯ ಅದನ್ನು ಕನ್ನಡಕ್ಕೂ ಹೊರಳಿಸಿತು. ಈರಮ್ಮ ಬಾಲನಾಗಮ್ಮನ ಕತೆಯನ್ನೂ ಹಾಡಿದರು, ಕುಮಾರರಾಮನನ್ನೂ ಹಾಡಿದರು. ಇಂಥ ಬೆರಕೆಯನ್ನು ಇವತ್ತಿನ ಸಂಗೀತಗಾರರು ಮಾಡಿದರೆ ಪ್ರಯೋಗ ಅನ್ನುತ್ತೇವೆ. ಅಲೆಮಾರಿಗೆ ಅದು ಹೊಟ್ಟೆಯ ಪ್ರಶ್ನೆ. ಕೇಳುವ ಊರಿನ ಮಾತಿನಲ್ಲಿ ಹಾಡದಿದ್ದರೆ ಜೋಳಿಗೆ ತುಂಬುವುದಿಲ್ಲ. ಹಸಿವು ಕಲಿಸಿತು ಅಂದಮಾತ್ರಕ್ಕೆ ಅದು ಕಲೆಯಲ್ಲ ಎನ್ನಲಾದೀತೆ?

ಆಮೇಲೆ ಮನ್ನಣೆ ಬಂತು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ, 2012ರಲ್ಲಿ ಜಾನಪದಶ್ರೀ. ಕಾವ್ಯಗಳು ಬರಹಕ್ಕಿಳಿದವು. ಇದು ದೊಡ್ಡ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಪುಟದಲ್ಲಿ ಬುರ್ರ ಕೇಳಿಸದು. ರಾತ್ರಿಯಿಡೀ ಬೆಳೆಯುವ ಕತೆ ಸಮಾರಂಭದ ವೇದಿಕೆಗೆ ಬಂದರೆ ಗಡಿಯಾರ ನೋಡಿಕೊಂಡು ಮೊಟಕಾಗುತ್ತದೆ. ಜಾನಪದ ಸಂಗ್ರಹದ ರೂಢಿಯಲ್ಲಂತೂ ಪುಸ್ತಕ ಸಂಪಾದಕನದು, ಹಾಡಿದಾಕೆ ‘ವಕ್ತೃ’. ಹನ್ನೆರಡು ಕಾವ್ಯ ಕಟ್ಟಿ ನಿಲ್ಲಿಸಿದ ಹೆಂಗಸು ಕವಿಯಾಗದೆ ಮಾಹಿತಿ ಕೊಟ್ಟವಳಾಗುತ್ತಾಳೆ.

ಇನ್ನೊಂದು ಮಾತು. ಲಿಖಿತ ಕಾವ್ಯದಲ್ಲಿ ಕುಮಾರರಾಮನ ಮೇಲೆ ದಿಲ್ಲಿಯ ದಂಡು ತಂದವಳು ಮಾತಂಗಿ. ಆ ಹೆಸರೇ ಮಾದಿಗರ ಕೇರಿಯದು. ವೀರನ ಸಾವನ್ನು ಕೇರಿಯ ಹೆಸರಿನ ಹೆಣ್ಣಿನ ತಲೆಗೆ ಕಟ್ಟಿದ್ದು ಯಾಕೆ? ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಹುಡುಗರು ಈ ಪ್ರಶ್ನೆ ಇಟ್ಟುಕೊಂಡು ಬರಹವನ್ನೂ ಹಾಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ದಲಿತ ವಿಮರ್ಶೆ ನಮ್ಮ ಬರಹಗಾರರಿಂದ ಮಾತ್ರ ಶುರುವಾಗುವುದಿಲ್ಲ, ಬರೆಯದ ಕವಿಗಳಿಂದಲೂ ಶುರುವಾಗುತ್ತದೆ. ಮುಂದಿನ ವರ್ಷ ನನ್ನ ತರಗತಿಯಲ್ಲಿ ‘ಮಂದಿ’ ಅನ್ನುವ ಉತ್ತರಕ್ಕೆ ಮಾರ್ಕ್ಸು ಇಲ್ಲ. ಹೆಸರು ಹೇಳಬೇಕು: ಈರಮ್ಮ.