ಗೂಡು ಮಾರಿದವನಿಗೆ ನೂಲಿನ ಸುದ್ದಿ

ಕನಕಪುರ ಸೀಮೆಯ ಕೋಡಿಹಳ್ಳಿಯ ಕಡೆ ರೇಷ್ಮೆಹುಳು ಸಾಕುವವರಿಗೂ ರಾಮನಗರದಲ್ಲಿ ಗೂಡಿನಿಂದ ನೂಲು ಬಿಚ್ಚುವವರಿಗೂ ಇರುವ ನಂಟು ಹಳೆಯದು. ಆದರೂ ತಾನು ಮಾರಿದ ಗೂಡು ಬಿಸಿನೀರಿನಲ್ಲಿ ಹೇಗೆ ಬಿಚ್ಚಿಕೊಂಡಿತೆಂಬುದು ಸಾಕಿದವನ ಕಿವಿಗೆ ಬೀಳುವುದು ಅಪರೂಪ.

ಮೈಸೂರು ಸೀಮೆಯಲ್ಲಿ ಈ ಕಸುಬನ್ನು ನೆಲೆಗೊಳಿಸಿದ ಕೀರ್ತಿ ಟಿಪ್ಪು ಸುಲ್ತಾನನಿಗೆ ಸಲ್ಲುತ್ತದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಹುಳುವಿನ ರೋಗದಿಂದ ಅದು ಸೊರಗಿತು. ಆ ಶತಮಾನದ ಕೊನೆಗೆ ಜೆಮ್‌ಶೆಡ್‌ಜಿ ಟಾಟಾ ಅವರು ಜಪಾನೀ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟವನ್ನು ನಡೆಸಿದರು. ಮುಂದೆ ಚನ್ನಪಟ್ಟಣದಲ್ಲಿ ಸರ್ಕಾರದ ತೋಟವೂ ಬಂತು. ಹೀಗೆ ತಜ್ಞನ ತಿಳಿವಳಿಕೆ ರೈತನಿಗೆ ಮುಟ್ಟಿತು. ಕೊಳ್ಳುವವನಿಂದ ಬರಬೇಕಾದ ತಿಳಿವಳಿಕೆಯ ಮಾತು ಬೇರೆ.

ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಮೇಲಿನ ಎರಡು ಮೂರು ದಿನಗಳನ್ನೇ ನೋಡಿ. ಗೂಡು ಕಟ್ಟತೊಡಗುವಾಗ ಹುಳು ಮೈಯೊಳಗಿನ ನೀರನ್ನು ಹೊರಹಾಕುತ್ತದೆ. ಗಾಳಿಯಾಡದ ಕೋಣೆಯಲ್ಲಿ ಆ ತೇವ ಅಲ್ಲೇ ನಿಂತರೆ, ಎಳೆಗೆ ಎಳೆ ಬಿಗಿಯಾಗಿ ಅಂಟಿ, ಬಿಚ್ಚುವಾಗ ಮತ್ತೆ ಮತ್ತೆ ಹರಿಯುತ್ತದೆ. ಹೊರನೋಟಕ್ಕೆ ಮಾತ್ರ ಗೂಡು ಗಟ್ಟಿಯಾಗಿ, ಚೆಲುವಾಗಿಯೇ ಇರಬಹುದು! ದೋಷ ತಿಳಿಯುವುದು ಬಿಚ್ಚುವವನ ಬಾಣಲೆಯಲ್ಲಿ. ಅಷ್ಟರಲ್ಲಿ ನಾಲ್ಕಾರು ರೈತರ ಗೂಡು ಬೆರೆತಿರುತ್ತದೆ, ಯಾರದೆಂದು ಹೇಳುವುದು?

ಹಿಂದೆ ಗೂಡಿನ ವ್ಯಾಪಾರ ಬಹುಮಟ್ಟಿಗೆ ಮನೆಬಾಗಿಲಿನಲ್ಲೇ ಮುಗಿಯುತ್ತಿತ್ತು. ತಕ್ಕಡಿಯೂ ದರವೂ ಕೊಳ್ಳುವವನ ಕೈಯಲ್ಲಿ. 1959ರ ಕಾಯಿದೆ ಅದನ್ನು ಸರ್ಕಾರದ ಮಾರುಕಟ್ಟೆಗೆ, ಬಹಿರಂಗ ಹರಾಜಿಗೆ ತಂದಿತು. ರೈತನಿಗೆ ಅದರಿಂದಾದ ಉಪಕಾರವನ್ನು ಅಲ್ಲಗಳೆಯಲಾರೆ. ಆದರೆ ಹಿಡಿ ಗೂಡನ್ನು ಕಿವಿಯ ಬಳಿ ಅಲುಗಿಸಿ ನೋಡಿ ಬೆಲೆ ಕೂಗುವವನಿಗೆ, ಹುಳು ಸಾಕಿದವನೊಡನೆ ಮಾತಿಗೆ ಕೂರುವ ವ್ಯವಧಾನವೆಲ್ಲಿ? ಹರಾಜು ಯಂತ್ರಗಳ ಮೂಲಕ ನಡೆಯುವ ಈ ಕಾಲದಲ್ಲಂತೂ ಆ ಕೂಗೂ ಇಲ್ಲ.

ಜಪಾನಿನಲ್ಲಿ ಬೇರೆ ದಾರಿ ಹಿಡಿದವರಿದ್ದರು. 1896ರಲ್ಲಿ ಅಯಾಬೆ ಎಂಬಲ್ಲಿ ಹತಾನೊ ತ್ಸುರುಕಿಚಿ ಕಟ್ಟಿದ ಗುಂಜೆ ಎಂಬ ನೂಲು ಬಿಚ್ಚುವ ಸಂಸ್ಥೆ ರೈತರೊಡನೆ ಕರಾರು ಮಾಡಿಕೊಂಡು, ಬೋಧಕರನ್ನು ಹಳ್ಳಿಗಳಿಗೆ ಕಳಿಸಿತು. ಮಾದರಿಗೆಂದು ತೆಗೆದ ಗೂಡನ್ನು ಬಿಚ್ಚಿ, ಬಂದ ನೂಲಿನ ಮೇಲೆ ದರ ಕಟ್ಟುವ ಪದ್ಧತಿಯೂ ಅಲ್ಲಿ ಬೆಳೆಯಿತು. ಕರಾರು ರೈತನನ್ನು ಒಬ್ಬನೇ ಗಿರಾಕಿಗೆ ಕಟ್ಟಿಹಾಕುತ್ತದೆ, ನಿಜ. ಆದರೆ ಬಾಣಲೆಯ ಸುದ್ದಿ ಚಂದ್ರಿಕೆಯವರೆಗೆ ಮುಟ್ಟುತ್ತಿತ್ತು.

ನಮ್ಮಲ್ಲಿ ಆ ಸುದ್ದಿಯನ್ನು ಹೊತ್ತು ತರುವುದು ದರವೊಂದೇ, ಅದೂ ಕಾರಣ ಹೇಳದೆ. ದರ ಕುಸಿದಾಗ ರೈತ ಸೊಪ್ಪನ್ನು ದೂರುತ್ತಾನೆ, ಮೊಟ್ಟೆಯನ್ನು ದೂರುತ್ತಾನೆ. ಮುಂದಿನ ಮಳೆಗಾಲದ ಬೆಳೆಯಲ್ಲೂ ಚಂದ್ರಿಕೆ ಅದೇ ಕತ್ತಲೆಕೋಣೆಯ ಗೋಡೆಗೆ ಒರಗಿರುತ್ತದೆ.