ಕಿಚ್ಚು ಹಾಯ್ದ ತೇಗದ ತೋಪು

ಕಾಡಿಗೆ ಬೆಂಕಿ ಬಿದ್ದಿತೆಂದರೆ ಎಲ್ಲವೂ ಮುಗಿಯಿತೆಂದೇ ನಾವು ಭಾವಿಸುತ್ತೇವೆ. ಖಾಂಡವದಹನದ ಕಥೆ ಕೇಳಿ ಬೆಳೆದ ಮನಸ್ಸಿಗೆ ಇದು ಸಹಜವೇ. ಆದರೆ ತೇಗದ ನೆಡುತೋಪುಗಳ ಚರಿತ್ರೆಯನ್ನು ನೋಡಿದವರಿಗೆ ಈ ಮಾತು ಅಷ್ಟು ಸರಳವಾಗಿ ಕಾಣುವುದಿಲ್ಲ.

1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕನೋಲಿ ನಿಲಂಬೂರಿನಲ್ಲಿ ತೇಗವನ್ನು ನೆಡಿಸಿದರು. ಆ ಕೆಲಸವನ್ನು ಮುಂದೆ ನಿಂತು ನಡೆಸಿದವರು ಚಾತು ಮೆನನ್. ಅನಂತರ ಬರ್ಮಾದಲ್ಲಿ ಬ್ರಾಂಡಿಸ್ ಬೇರೊಂದು ದಾರಿ ಹಿಡಿದರು. ಅಲ್ಲಿನ ಕರೆನ್ ಜನ ಕಾಡನ್ನು ಕಡಿದು, ಸುಟ್ಟು, ಬತ್ತ ಬೆಳೆಯುತ್ತಿದ್ದರು. ಆ ಬತ್ತದ ನಡುವೆಯೇ ತೇಗವನ್ನೂ ಹಾಕಿಸುವ ಏರ್ಪಾಡಾಯಿತು. ಅದಕ್ಕೆ 'ಟೌಂಗ್ಯಾ' ಎಂದು ಹೆಸರು. ಹೀಗೆ ಬೂದಿಯಲ್ಲಿ ಹುಟ್ಟಿದ ತೋಪಿಗೆ ಮುಂದೆ ಬೆಂಕಿಯೇ ಪರಮಶತ್ರುವೆನಿಸಿತು. 1878ರ ಭಾರತೀಯ ಅರಣ್ಯ ಕಾಯಿದೆ ಮೀಸಲು ಕಾಡಿನಲ್ಲಿ ಬೆಂಕಿಯಿಡುವುದನ್ನು ಅಪರಾಧವೆಂದು ಸಾರಿತು; ಬರ್ಮಾಕ್ಕೂ ಮದರಾಸಿಗೂ ಅಂಥವೇ ಕಾಯಿದೆಗಳು ಬಂದವು.

ತೋಪಿನ ನೆಲದ ಮೇಲೆ ಬೆಂಕಿ ಮಾಡುವುದಾದರೂ ಏನು? ಬೇಸಗೆಯಲ್ಲಿ ಉದುರಿದ ತೇಗದ ಅಗಲವಾದ ಎಲೆಗಳು ಒಣಗಿ ಸರಸರನೆ ಉರಿಯುತ್ತವೆ. ಉರಿಯ ಕಾವು ಮೇಲಕ್ಕೇರುವುದೇ ಹೆಚ್ಚು. ಮಣ್ಣು ಶಾಖವನ್ನು ಸುಲಭವಾಗಿ ಕೆಳಗಿಳಿಯಗೊಡುವುದಿಲ್ಲ. ಆದ್ದರಿಂದ ಕಾಡರಿಸಿನದ ಗೆಡ್ಡೆ, ಎಡಮುರಿಯ ಬೇರು, ಹುಲ್ಲಿನ ಬುಡದ ಮೊಗ್ಗು ಉಳಿಯುತ್ತವೆ. ಮೊದಲ ಮಳೆ ಬಿದ್ದೊಡನೆ ಕಪ್ಪು ನೆಲದಲ್ಲಿ ಹಸಿರು ತಲೆಯೆತ್ತುತ್ತದೆ. ಆದರೆ ಬೇರಿನಲ್ಲಿ ಕೂಡಿಟ್ಟ ಆಹಾರ ಅಕ್ಷಯಪಾತ್ರೆಯಲ್ಲ. ವರ್ಷವರ್ಷವೂ ಕಿಚ್ಚು ಹಾಯ್ದರೆ ಬೇರು ಸೊರಗುತ್ತದೆ. ಬೀಜದಿಂದ ಹುಟ್ಟಿದ ಎಳೆಯ ಸಸಿಗೆ ತೊಗಟೆ ಬಲಿಯುವಷ್ಟು ಅವಕಾಶವೇ ಸಿಗುವುದಿಲ್ಲ.

ಬೆಂಕಿಯನ್ನು ಪೂರ್ತಿಯಾಗಿ ತಡೆದರೆ ಎಲ್ಲವೂ ಸರಿಹೋಗುವುದೇ? ಬರ್ಮಾದ ತೇವದ ಕಾಡುಗಳಲ್ಲಿ ಹಾಗಾಗಲಿಲ್ಲ. ಬೆಂಕಿ ತಡೆದಲ್ಲಿ ಬಿದಿರೂ ಪೊದೆಯೂ ಒತ್ತಾಗಿ ಬೆಳೆದು, ಆ ನೆರಳಿನಲ್ಲಿ ತೇಗದ ಸಸಿಗಳೇ ಏಳದಾದವೆಂದು 1890ರ ದಶಕದಲ್ಲಿ ಅರಣ್ಯಾಧಿಕಾರಿಗಳೇ ವಾದಿಸತೊಡಗಿದರು. ಯಾವ ಮರಕ್ಕಾಗಿ ಬೆಂಕಿಯನ್ನು ತಡೆದರೋ ಆ ಮರಕ್ಕೇ ಕುತ್ತು ಬಂದಂತಾಯಿತು.

ನಮ್ಮ ಬಿಳಿಗಿರಿರಂಗನ ಬೆಟ್ಟ ನೆಟ್ಟ ತೋಪಲ್ಲ, ತಾನಾಗಿ ಬೆಳೆದ ಕಾಡು. ಆದರೂ ಪ್ರಶ್ನೆ ಅದೇ. ಅಲ್ಲಿನ ಸೋಲಿಗರು ಬೇಸಗೆ ಬಲಿಯುವ ಮೊದಲೇ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದನ್ನು 'ತರಗು ಬೆಂಕಿ' ಎನ್ನುತ್ತಾರೆ. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಕ್ರಮೇಣ ಆ ರೂಢಿ ನಿಂತಿತು. ಲಂಟಾನ ಹಬ್ಬಿದುದಕ್ಕೆ ಇದೇ ಕಾರಣವೆಂದು ಸೋಲಿಗರು ಹೇಳುತ್ತಾರೆ. ಹಾಗೆಂದು ಇಂದು ಹಳೆಯ ಬೆಂಕಿಯನ್ನು ಮರಳಿ ತರುವುದೂ ಸುಲಭವಲ್ಲ. ಆಳೆತ್ತರದ ಲಂಟಾನಕ್ಕೆ ಹತ್ತಿದ ಉರಿ ಮರದ ಕೊಂಬೆಗಳನ್ನೂ ಮುಟ್ಟುತ್ತದೆ. ಲಂಟಾನವೋ ಸುಟ್ಟ ಬುಡದಿಂದಲೇ ಮತ್ತೆ ಚಿಗುರುತ್ತದೆ.

ಬೆಂಕಿ ಬೇಕೋ ಬೇಡವೋ ಎಂಬ ವಾದದಲ್ಲಿ ಒಂದು ಶತಮಾನವೇ ಕಳೆಯಿತು. ಯಾವ ತಿಂಗಳಲ್ಲಿ, ಎಷ್ಟು ವರ್ಷಕ್ಕೊಮ್ಮೆ, ಎಷ್ಟು ಎತ್ತರದ ಉರಿ ಎಂದು ಕೇಳಬಲ್ಲವರು ಕಾಡಿನಲ್ಲೇ ಇದ್ದರು. ಕಾಯಿದೆ ಅವರನ್ನು ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿತು. ಮಣ್ಣಿನೊಳಗಿನ ಗೆಡ್ಡೆ ಮಳೆಗೆ ಕಾಯಬಲ್ಲದು. ಆದರೆ ಅರಿತವರ ತಲೆಮಾರು ಅಳಿದರೆ ಆ ಅರಿವು ಯಾವ ಮಳೆಗೂ ಚಿಗುರಲಾರದು.