ಅತಿಥಿ ಶಿಕ್ಷಕರ ಸೇವೆ ಮತ್ತು ಖಾಯಂ ನೇಮಕಾತಿ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಖಾಲಿ ಇರುವ ಶಿಕ್ಷಕರ ಹುದ್ದೆಗಳಿಗೆ ಎದುರಾಗಿ ಅತಿಥಿ ಶಿಕ್ಷಕರನ್ನು ಗೌರವ ಸಂಭಾವನೆಯ ಆಧಾರದ ಮೇಲೆ ತಾತ್ಕಾಲಿಕವಾಗಿ ನೇಮಿಸಿಕೊಳ್ಳಲಾಗುತ್ತದೆ. ಈ ಸೇವೆಯು ಆಯಾ ಶೈಕ್ಷಣಿಕ ವರ್ಷಕ್ಕೆ ಸೀಮಿತವಾಗಿರುತ್ತದೆ.

ಖಾಯಮಾತಿ: ತಾತ್ಕಾಲಿಕ ಸೇವೆಯ ಅವಧಿ ಎಷ್ಟೇ ದೀರ್ಘವಾಗಿದ್ದರೂ ಅದರಿಂದಲೇ ಖಾಯಂ ಹುದ್ದೆಯ ಹಕ್ಕು ಪ್ರಾಪ್ತವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಕರ್ನಾಟಕದ ಉಮಾದೇವಿ ಪ್ರಕರಣದಲ್ಲಿ ತೀರ್ಪು ನೀಡಿದೆ.

ಅರ್ಹತೆ: 1ರಿಂದ 8ನೇ ತರಗತಿಯ ಖಾಯಂ ಹುದ್ದೆಗೆ ನಿಗದಿತ ಶಿಕ್ಷಕ ತರಬೇತಿಯೊಂದಿಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ (ಟಿಇಟಿ) ತೇರ್ಗಡೆ ಹೊಂದಿರತಕ್ಕದ್ದು. ಸಾಮಾನ್ಯ ವರ್ಗದವರು 150ಕ್ಕೆ ಕನಿಷ್ಠ 90 ಅಂಕ ಪಡೆಯಬೇಕು. ಈ ಅರ್ಹತೆಯ ಮಾನ್ಯತೆಯನ್ನು 2021ರಲ್ಲಿ ಜೀವಿತಾವಧಿಗೆ ವಿಸ್ತರಿಸಲಾಗಿದೆ. ಟಿಇಟಿ ತೇರ್ಗಡೆಯೇ ನೇಮಕಾತಿಯಲ್ಲ. ಅಧಿಸೂಚನೆಯಂತೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಿ ಸ್ಪರ್ಧಾತ್ಮಕ ಪರೀಕ್ಷೆ ಬರೆಯತಕ್ಕದ್ದು.

ಸೂಚನೆ: ಖಾಯಮಾತಿಯನ್ನು ನಿರೀಕ್ಷಿಸುತ್ತಾ ಕಾಯದೆ, ಅತಿಥಿ ಶಿಕ್ಷಕರು ವಯೋಮಿತಿ ಮೀರುವ ಮುನ್ನವೇ ಪರೀಕ್ಷೆಗೆ ಸಿದ್ಧರಾಗುವುದು ಸೂಕ್ತ.